ಭೂಮಿಯ ಆಕಾರವೂ ಬೀದರ ಸೀಮೆಯೂ

ಅಷ್ಟೂರದ ಗುಂಬಜಗಳನ್ನು ಕಂಡವರಿಗೆ ನೆನಪಾಗುವುದು ಬಹಮನೀ ಸುಲ್ತಾನರ ಕಾಲ. ಹದಿನೆಂಟನೆಯ ಶತಮಾನದ ಒಂದು ದೊಡ್ಡ ಶಾಸ್ತ್ರವಿವಾದಕ್ಕೂ ಈ ಸೀಮೆಗೂ ಸಂಬಂಧವುಂಟೆಂಬುದನ್ನು ಬಲ್ಲವರು ವಿರಳ.

ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕೆಂದು ನ್ಯೂಟನ್ನನು 1687ರಲ್ಲಿ ಗಣಿತದಿಂದ ಸಾಧಿಸಿದನು. ಪ್ಯಾರಿಸಿನ ಕ್ಯಾಸಿನಿ ಮನೆತನದವರು ತಮ್ಮ ಅಳತೆಯನ್ನು ಮುಂದಿಟ್ಟು, ಅದು ಧ್ರುವಗಳ ಕಡೆಗೆ ನೀಳವಾಗಿದೆಯೆಂದು ವಾದಿಸಿದರು. ತೀರ್ಪಿಗೆ ಒಂದೇ ಉಪಾಯ: ಅಕ್ಷಾಂಶದ ಒಂದು ಅಂಶವು ನೆಲದ ಮೇಲೆ ಎಷ್ಟು ದೂರವೆಂಬುದನ್ನು ಬೇರೆಬೇರೆ ದೇಶಗಳಲ್ಲಿ ಅಳೆಯುವುದು. ಧ್ರುವದತ್ತ ಆ ದೂರವು ಹೆಚ್ಚಿದರೆ ನ್ಯೂಟನ್ನನ ಮಾತೇ ನಿಜ. 1735ರಲ್ಲಿ ಬುಗೇರ್, ಲಾ ಕೊಂದಮಿನ್ ಮೊದಲಾದವರು ಪೆರುವಿಗೂ, 1736ರಲ್ಲಿ ಮೊಪೆರ್ತ್ಯುಯಿಯು ಲ್ಯಾಪ್ಲೆಂಡಿಗೂ ಹೊರಟರು. ಅಳತೆಗಳು ನ್ಯೂಟನ್ನನ ಪಕ್ಷಕ್ಕೇ ಸಾಕ್ಷಿ ನುಡಿದವು.

ಎಷ್ಟು ಚಪ್ಪಟೆಯೆಂಬ ಪ್ರಶ್ನೆ ಮಾತ್ರ ಉಳಿಯಿತು. ಅದನ್ನು ಮನದಲ್ಲಿಟ್ಟು ವಿಲಿಯಂ ಲ್ಯಾಂಬ್ಟನ್ನನು 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದನು. ಅಂದಿನ ಉಕ್ಕಿನ ಸರಪಳಿಯು 1793ರಲ್ಲಿ ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಹಿಂದಿರುಗಿದ ವಸ್ತು! 1815ರಲ್ಲಿ ನಿಜಾಮರ ರಾಜ್ಯದೊಳಗೆ, ಬೀದರಕ್ಕೆ ಸಮೀಪದ ದಾಮರಗಿದ್ದದಲ್ಲಿ ಮತ್ತೊಂದು ರೇಖೆಯನ್ನು ಅಳೆಯಲಾಯಿತು. ಒಂದು ರೇಖೆಯ ಉದ್ದವು ನಿಶ್ಚಯವಾದರೆ, ಮುಂದಿನ ತ್ರಿಕೋನಗಳ ಭುಜಗಳನ್ನು ಕೋನಗಳಿಂದಲೇ ಗಣಿಸಬಹುದು.

ಇಲ್ಲಿಂದ ಉತ್ತರಕ್ಕೆ ಎವರೆಸ್ಟನು ಮುಂದುವರಿಸಿದ ಅಳತೆಯ ವಿವರಣೆ 1830ರಲ್ಲಿ ಪ್ರಕಟವಾಯಿತು. ಅವನ ಗಣನೆಯಂತೆ ಧ್ರುವಗಳಲ್ಲಿಯ ಚಪ್ಪಟೆತನವು ಸುಮಾರು 300ರಲ್ಲಿ 1 ಪಾಲು. ನ್ಯೂಟನ್ನನು ಲೇಖನಿಯಿಂದ ಕಂಡುದಕ್ಕೆ ಬೀದರ ಸೀಮೆಯ ನೆಲವೂ ಹೀಗೆ ಪ್ರಮಾಣವಿತ್ತಿತು.