ಗೊಥಾರ್ಡ್ ದಾರಿಯಲ್ಲಿ ಎಡಕುಮೇರಿ

ಐಂಡ್‌ಹೋವನ್‌ನಲ್ಲಿ ಗುಡ್ಡವೆಂಬುದೇ ಇಲ್ಲ. ನೆದರ್‌ಲ್ಯಾಂಡ್ಸಿನ ಈ ನೆಲದಲ್ಲಿ ಅತಿ ಎತ್ತರದ ಜಾಗವೇ 322 ಮೀಟರು. ಸಕಲೇಶಪುರದಿಂದ ಬಂದಿದ್ದ ಅಪ್ಪ ಎರಡು ವಾರ ಕಳೆಯುವುದರೊಳಗೆ, "ಇಲ್ಲಿ ಕಣ್ಣಿಗೆ ಒರಗಿಕೊಳ್ಳೋಕೆ ಏನೂ ಇಲ್ಲವಲ್ಲ ಮಗಾ" ಎಂದರು. ಮಗಳ ಬೇಸಿಗೆ ರಜೆ ಶುರುವಾದ ಕೂಡಲೇ ನಾವು ನಾಲ್ವರೂ ಕಾರಿನಲ್ಲಿ ಸ್ವಿಟ್ಜರ್‌ಲ್ಯಾಂಡಿಗೆ ಹೊರಟೆವು.

ಬಾಸೆಲ್‌ನಲ್ಲಿ ರಾತ್ರಿ ತಂಗಿ, ಮರುದಿನ ಲುಸರ್ನ್ ದಾಟಿ ರಾಯ್ಸ್ ನದಿಯ ಕಣಿವೆ ಹಿಡಿದೆವು. ವಾಸೆನ್ ಹಳ್ಳಿಯ ಬಳಿ ರೈಲುದಾರಿ ಬೆಟ್ಟದೊಳಗೆ ಸುತ್ತು ಹೊಡೆಯುತ್ತಾ ಏರುವುದರಿಂದ, ಪ್ರಯಾಣಿಕರಿಗೆ ಅಲ್ಲಿನ ಒಂದೇ ಚರ್ಚು ಮೂರು ಸಲ ಕಾಣುತ್ತದೆ. ನಾವು ಹಿಮದ ಶಿಖರಗಳ ಫೋಟೋ ತೆಗೆಯುತ್ತಿದ್ದರೆ ಅಪ್ಪ ಹಳಿಯ ಏರನ್ನೇ ನೋಡುತ್ತಿದ್ದರು.

ಮುಂದಿನ ಊರು ಗೊಶೆನೆನ್. 15 ಕಿಲೋಮೀಟರ್ ಉದ್ದದ ಹಳೆಯ ಗೊಥಾರ್ಡ್ ರೈಲು ಸುರಂಗದ ಉತ್ತರದ ಬಾಯಿ ಇರುವುದು ಇಲ್ಲಿ. 1872ರಲ್ಲಿ ಕೆಲಸ ಹಿಡಿದ ಜಿನೀವಾದ ಲೂಯಿ ಫಾವ್ರ್, ಎಂಟು ವರ್ಷದಲ್ಲಿ ಮುಗಿಸುವೆನೆಂದು ಒಪ್ಪಿ, ತಡವಾದರೆ ದಂಡ ಕಟ್ಟುವ ಕರಾರಿಗೂ ಸಹಿ ಹಾಕಿದ್ದ. ಆ ಅವಸರದ ಬೆಲೆ ತೆತ್ತವರು ಬಹುಪಾಲು ಇಟಲಿಯ ಕೂಲಿಗಳು. ಡೈನಮೈಟಿನ ಹೊಗೆ, ಉಸಿರುಗಟ್ಟಿಸುವ ಸೆಕೆ, ಹೊಲಸು ನೀರಿನಿಂದ ಹಬ್ಬಿದ ಕೊಕ್ಕೆಹುಳುವಿನ ರೋಗ. 1875ರಲ್ಲಿ ಅವರು ಕೆಲಸ ನಿಲ್ಲಿಸಿದಾಗ ಗುಂಡು ಹಾರಿಸಲಾಯಿತು, ನಾಲ್ವರು ಸತ್ತರು. 1879ರಲ್ಲಿ ಫಾವ್ರ್ ಕೂಡ ಸುರಂಗದೊಳಗೇ ಕುಸಿದು ತೀರಿಕೊಂಡ. ಮರುವರ್ಷ ಎರಡೂ ಕಡೆಯವರು ಕೊರೆದ ಸುರಂಗ ಕೂಡಿದಾಗ, ಆ ಕಿಂಡಿಯಲ್ಲಿ ಮೊದಲು ದಾಟಿಸಿದ್ದು ಅವನ ಫೋಟೋವನ್ನಂತೆ. 1882ರಲ್ಲಿ ರೈಲು ಓಡುವ ಹೊತ್ತಿಗೆ ಸುಮಾರು 200 ಮಂದಿ ಸತ್ತಿದ್ದರು.

ನಾವು ಸುರಂಗ ಬಿಟ್ಟು ಹಳೆಯ ಘಾಟಿರಸ್ತೆಯಲ್ಲೇ 2,106 ಮೀಟರ್ ಏರಿ, ಆಚೆಯ ಐರೋಲೋಗೆ ಇಳಿದೆವು. ರೈಲು ನಿಲ್ದಾಣದ ಬಳಿ ವಿನ್ಚೆಂಜೊ ವೇಲಾ ರೂಪಿಸಿದ ಕಂಚಿನ ಉಬ್ಬುಶಿಲ್ಪವಿದೆ: ಸತ್ತ ಗೆಳೆಯನನ್ನು ಹೊತ್ತು ಬರುತ್ತಿರುವ ಕೂಲಿಗಳು. ಅದನ್ನು ಅಲ್ಲಿಟ್ಟದ್ದು 1932ರಲ್ಲಿ, ಸುರಂಗಕ್ಕೆ ಐವತ್ತು ತುಂಬಿದಾಗ.

ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು. 1970ರ ಆಸುಪಾಸಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುದಾರಿಯ ಗುತ್ತಿಗೆದಾರರೊಬ್ಬರ ಬಳಿ ಅವರು ಹಾಜರಿ ಬರೆಯುವ ಗುಮಾಸ್ತರಾಗಿದ್ದರು. 57 ಸುರಂಗಗಳ ಆ ಘಾಟಿದಾರಿ ತೆರೆದದ್ದು 1979ರಲ್ಲಿ. ದೋಣಿಗಲ್, ಎಡಕುಮೇರಿ, ಶಿರಿಬಾಗಿಲು: ನನಗೆ ಅವು ಮಳೆಗಾಲದಲ್ಲಿ ಕಿಟಕಿಯಿಂದ ನೋಡುವ ಚಂದದ ಹೆಸರುಗಳು.

"ಎಡಕುಮೇರಿ ಹತ್ತಿರ ಒಂದು ರಾತ್ರಿ ಕಲ್ಲು ಜಾರಿತು" ಎಂದರು ಅಪ್ಪ. "ಬೆಳಿಗ್ಗೆ ಮೂರು ಹೆಸರಿನ ಮುಂದೆ 'ಗೈರು' ಅಂತ ಬರೆಯೋಕೆ ಹೇಳಿದರು. ಬರೆದೆ."

ಐವತ್ತು ವರ್ಷ ಅವರು ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಅವರ ಹೆಸರೇನು ತಾತ?" ಎಂದು ಮಗಳು ಕೇಳಿದಳು. ಎರಡು ನೆನಪಿದ್ದವು. ಮೂರನೆಯದು ಬರಲಿಲ್ಲ. ವಾಪಸು ಬರುವ ದಾರಿಯುದ್ದಕ್ಕೂ ಯೋಚಿಸಿದರು. ಐಂಡ್‌ಹೋವನ್ ತಲುಪಿದ ಮೇಲೆ ಮಗಳ ಶಾಲೆಯ ನೋಟುಪುಸ್ತಕದಲ್ಲಿ ಆ ಎರಡು ಹೆಸರು ಬರೆದು, ಕೆಳಗೊಂದು ಸಾಲು ಖಾಲಿ ಬಿಟ್ಟರು. ಊರಿಗೆ ಮರಳಿದ ಮೇಲೆ ಫೋನು ಮಾಡಿದಾಗಲೆಲ್ಲ ಮೊದಲು ಮೊಮ್ಮಗಳೇ ಕೇಳುತ್ತಾಳೆ, "ನೆನಪಾಯ್ತಾ ತಾತ?" ಎಂದು.