ಜಾನ್ಸನ್ನರ ದೊಣ್ಣೆ ಮತ್ತು ‘ಟೇಕ್ ಆಫ್’

‘ಟೇಕ್ ಆಫ್’ ಎಂದೊಡನೆ ಇಂದಿನವರ ಕಣ್ಣಮುಂದೆ ವಿಮಾನವೊಂದು ಮೇಲೇರುತ್ತದೆ. ವಿಮಾನ ಹುಟ್ಟುವುದಕ್ಕೆ ಬಹಳ ಮೊದಲು, ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ, ಇವೇ ಎರಡು ಪದಗಳು ಒಬ್ಬ ಮಹಾವಿದ್ವಾಂಸರು ದೊಣ್ಣೆಯ ಬೆಲೆ ವಿಚಾರಿಸುವಂತೆ ಮಾಡಿದ್ದವು.

ಆ ವಿದ್ವಾಂಸರು ಸ್ಯಾಮ್ಯುಯೆಲ್ ಜಾನ್ಸನ್. 1746ರಲ್ಲಿ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡು ಅವರು ಕೈಹಾಕಿದ ಇಂಗ್ಲಿಷ್ ನಿಘಂಟು 1755ರಲ್ಲಿ ಎರಡು ಬೃಹತ್ ಸಂಪುಟಗಳಾಗಿ ಹೊರಬಂದಿತು. ಅದರಲ್ಲಿ ಸುಮಾರು 42,000 ಪದಗಳಿದ್ದವು. ಕ್ರಿಯಾಪದಕ್ಕೆ ‘ಆಫ್’, ‘ಔಟ್’, ‘ಇನ್’ ಮುಂತಾದ ಕಿರುಪದಗಳು ಸೇರಿದಾಗ ಅರ್ಥವೇ ಬೇರೆಯಾಗಿಬಿಡುವುದರಿಂದ ಪರಭಾಷಿಕರಿಗೆ ಇಂಥವು ಅತ್ಯಂತ ಕಠಿಣವೆಂದು ಅವರು ಪೀಠಿಕೆಯಲ್ಲಿ ಹೇಳಿದ್ದಾರೆ. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ‘ಟೇಕ್ ಆಫ್’ ಸಹ ಒಂದು. ಇವನ್ನು ಎಚ್ಚರಿಕೆಯಿಂದ ಸಂಗ್ರಹಿಸಿದ್ದೇನೆ, ಆದರೆ ಸಂಗ್ರಹ ಸಂಪೂರ್ಣವೆಂದು ಹೇಳಲಾರೆ ಎಂಬ ವಿನಯವೂ ಅಲ್ಲಿದೆ. ಇಂತಹ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಪುಸ್ತಕದಿಂದ.

ಕನ್ನಡಿಗರಾದ ನಮಗೆ ಈ ತೊಡಕು ತೀರ ಅಪರಿಚಿತವೇನಲ್ಲ. ‘ತೆಗೆದುಕೊಳ್ಳು’ ಎಂದರೆ ವಸ್ತು ಕೈಗೆ ಬರುತ್ತದೆ, ‘ತೆಗೆದುಹಾಕು’ ಎಂದರೆ ಕೈಬಿಟ್ಟು ಹೋಗುತ್ತದೆ, ‘ತೆಗೆದಿಡು’ ಎಂದರೆ ನಾಳೆಗೆ ಉಳಿಯುತ್ತದೆ. ತಾಯ್ನುಡಿಯಾದ್ದರಿಂದ ನಾವು ಎಡವುವುದಿಲ್ಲ, ಅಷ್ಟೆ.

ಜಾನ್ಸನ್ನರು ‘ಟೇಕ್ ಆಫ್’ಗೆ ಹಲವು ಅರ್ಥಗಳನ್ನು ಕೊಟ್ಟರು: ನಿವಾರಿಸುವುದು, ಹಿಂತೆಗೆಯುವುದು, ನುಂಗುವುದು, ಕೊಳ್ಳುವುದು, ನಕಲು ಮಾಡುವುದು. ಕೊನೆಯದಕ್ಕೆ ಅವರು ಕೊಟ್ಟ ನಿದರ್ಶನ ಮರದಲ್ಲಿ ಮಾಡುವ ಮಾದರಿಗಳದು. (ನಾವೂ ‘ನಕಲು ತೆಗೆ’ ಎನ್ನುತ್ತೇವಲ್ಲವೆ!)

ಆದರೆ ರಂಗಭೂಮಿಯವರು ನಕಲು ತೆಗೆಯುತ್ತಿದ್ದದ್ದು ಜೀವಂತ ಮನುಷ್ಯರನ್ನು. ಸ್ಯಾಮ್ಯುಯೆಲ್ ಫೂಟ್ ಎಂಬ ನಟ ಲಂಡನ್ನಿನ ಗಣ್ಯರ ನಡೆನುಡಿಗಳನ್ನು ವೇದಿಕೆಯ ಮೇಲೆ ಅಣಕಿಸಿ ಜನರನ್ನು ನಗಿಸುವುದರಲ್ಲಿ ನಿಸ್ಸೀಮ. ಜಾನ್ಸನ್ನರ ಸ್ಥೂಲಕಾಯ, ಗಡಸು ದನಿ, ತಮಗರಿವಿಲ್ಲದೆಯೇ ಕೈಕಾಲು ಅಲುಗಿಸುವ ಅಭ್ಯಾಸ ಇವೆಲ್ಲ ಅಣಕಿಗನಿಗೆ ಹಬ್ಬದೂಟವೇ ಸರಿ. (ಮೇಷ್ಟರ ಬೆನ್ನ ಹಿಂದೆ ನೀವು ನಡೆಸುತ್ತಿದ್ದ ‘ಟೇಕ್ ಆಫ್’ಗಳು ನನಗೆ ತಿಳಿದೇ ಇದ್ದವು.) ಮುಂದಿನದನ್ನು 1791ರಲ್ಲಿ ಪ್ರಕಟವಾದ ಜಾನ್ಸನ್ನರ ಜೀವನಚರಿತ್ರೆಯಲ್ಲಿ ಬಾಸ್‌ವೆಲ್ ದಾಖಲಿಸಿದ್ದಾನೆ. ಪುಸ್ತಕ ವ್ಯಾಪಾರಿ ಟಾಮ್ ಡೇವೀಸನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಜಾನ್ಸನ್ನರು, ಓಕ್ ಮರದ ದೊಣ್ಣೆಗೆ ಬೆಲೆಯೆಷ್ಟು ಎಂದು ಕೇಳಿದರು. ಆರು ಪೆನ್ನಿ ಎಂಬ ಉತ್ತರ ಬಂತು. ಹಾಗಾದರೆ ನಿಮ್ಮ ಆಳನ್ನು ಕಳುಹಿಸಿ ಒಂದು ಶಿಲ್ಲಿಂಗಿನದನ್ನೇ ತರಿಸಿ, ಎರಡರಷ್ಟು ದಪ್ಪನಾದದ್ದಿರಲಿ ಎಂದರು. ಫೂಟ್ ತಮ್ಮನ್ನು ‘ಟೇಕ್ ಆಫ್’ ಮಾಡಲಿದ್ದಾನಂತೆ, ಶಿಕ್ಷೆಯಿಲ್ಲದೆ ಅವನು ಪಾರಾಗಲು ಬಿಡುವುದಿಲ್ಲ ಎಂಬುದು ಅವರ ನಿರ್ಧಾರ.

ನನಗೆ ರುಚಿಸುವುದು ದೊಣ್ಣೆಗಿಂತ ಅವರು ಮಾತಿನ ನಡುವೆ ಸೇರಿಸಿದ ಪುಟ್ಟ ಷರಾ. ‘ಟೇಕ್ ಆಫ್’ ಎನ್ನುವಾಗ, ಅದು ಅವನ ಮಾತು ಎಂದು ಬೇರ್ಪಡಿಸಿಯೇ ಅವರು ಹೇಳಿದರು. ಕೋಪದಲ್ಲಿಯೂ ನಿಘಂಟುಕಾರನ ಕಿವಿ ಎಚ್ಚರವಾಗಿತ್ತು. ಸಂಗ್ರಹ ಸಂಪೂರ್ಣವಲ್ಲವೆಂದು ಪೀಠಿಕೆಯಲ್ಲಿ ಬರೆದವರ ಮೇಲೆಯೇ ಪದದ ಮತ್ತೊಂದು ಅರ್ಥ ಎರಗಲು ಹೊಂಚುಹಾಕಿತ್ತು.

ಡೇವೀಸ್ ಈ ಸುದ್ದಿಯನ್ನು ಫೂಟನಿಗೆ ಮುಟ್ಟಿಸಲು ಮರೆಯಲಿಲ್ಲ. ಫೂಟ್ ತನ್ನ ಆಲೋಚನೆಯನ್ನು ಕೈಬಿಟ್ಟ.