ಬೆಳ್ಳಿ ಗುಡ್ಡದಲ್ಲಿ, ನೀರು ನದಿಯಲ್ಲಿ

ಅಮೆರಿಕದ ಅರಿಜೋನಾ ರಾಜ್ಯಕ್ಕೆ ಸ್ಯಾನ್ ಪೆದ್ರೊ ನದಿ ಮೆಕ್ಸಿಕೊ ಕಡೆಯಿಂದ ಬಂದು ಉತ್ತರಾಭಿಮುಖವಾಗಿ ಹರಿಯುತ್ತದೆ. ದಡದಲ್ಲಿ ಕಾಟನ್‌ವುಡ್ ಮರಗಳ ದಟ್ಟ ಸಾಲು. ಆ ನೆರಳು ದಾಟಿದರೆ ಮುಳ್ಳುಪೊದೆಗಳ ಮರುಭೂಮಿ. ಚಾರ್ಲ್ಸ್‌ಟನ್ ಎಂಬ ಹಾಳೂರಿನಿಂದ ನಸುಕಿನಲ್ಲೇ ಹೊರಟ ಒಂಟಿ ಚಾರಣಿಗ, ಕುಡಿಯುವ ನೀರನ್ನೂ ಬೆನ್ನಿಗೇ ಹೇರಿಕೊಂಡು ಹರಿವಿನ ಜೊತೆ ನಡೆದರೆ, ಸಂಜೆಯೊಳಗೆ ತೆರೆನಾತೆಯ ಸ್ಪ್ಯಾನಿಷ್ ಕೋಟೆ ತಲುಪಬಹುದು. ದಾರಿಯಲ್ಲಿ ಸಿಗುವ ಪಾಳುಗೋಡೆಗಳೆಲ್ಲ ಈ ನದಿಯನ್ನೇ ನೆಚ್ಚಿ ಬಂದವರವು.

1877ರಲ್ಲಿ ಅದಿರು ಹುಡುಕುತ್ತಿದ್ದ ಎಡ್ ಶೀಫೆಲಿನ್‌ಗೆ ಟೂಂಬ್‌ಸ್ಟೋನ್ ಗುಡ್ಡದಲ್ಲಿ ಬೆಳ್ಳಿ ಸಿಕ್ಕಿತು. ಆದರೆ ಅದಿರು ಅರೆಯಲು ಅಲ್ಲಿ ನೀರಿರಲಿಲ್ಲ. ಹಾಗಾಗಿ ಹೇಸರಗತ್ತೆಗಳ ಬಂಡಿಗಳಲ್ಲಿ ಅದಿರನ್ನು ನದಿಗೆ ಸಾಗಿಸಿದರು. 1879ರಲ್ಲಿ ಪೂರ್ವ ದಡದ ಮಿಲ್‌ವಿಲ್‌ನಲ್ಲಿ ಕಾರ್ಖಾನೆ ಶುರುವಾಯಿತು. ಎದುರು ದಡದ ಚಾರ್ಲ್ಸ್‌ಟನ್ ಕೂಲಿಕಾರರ ಊರಾಯಿತು.

ಕೆಲಸದ ಕ್ರಮ ತಿಳಿಯಬೇಕಾದರೆ ಫೇರ್‌ಬ್ಯಾಂಕ್ ಎಂಬ ಹಾಳೂರು ದಾಟಿದ ಮೇಲೆ ಸಿಗುವ ಗ್ರ್ಯಾಂಡ್ ಸೆಂಟ್ರಲ್ ಮಿಲ್ಲಿನ ಗೋಡೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಇಳಿಜಾರಿನಲ್ಲಿ ಮೆಟ್ಟಿಲಂತೆ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳವು. ಮೇಲಿನ ಹಂತದಲ್ಲಿ ಅದಿರು ಸುರಿದರೆ, ಕೆಳಗೆ ಕಬ್ಬಿಣದ ಭಾರಿ ಒನಕೆಗಳು ಎದ್ದು ಬಿದ್ದು ಅದನ್ನು ನೀರಿನೊಂದಿಗೆ ಕುಟ್ಟಿ ಕೆಸರು ಮಾಡುತ್ತಿದ್ದವು. ಅದರ ಕೆಳಗಿನ ಹಂತದಲ್ಲಿ ಪಾದರಸ ಬೆರೆಸಿ ಬೆಳ್ಳಿ ಬೇರ್ಪಡಿಸುತ್ತಿದ್ದರು.

ಎಂಟ್ಹತ್ತು ವರ್ಷಗಳಲ್ಲಿ ಎಲ್ಲ ಮುಗಿಯಿತು. 1881ರಲ್ಲಿ ಗುಡ್ಡದ ಗಣಿಯ ಆಳದಲ್ಲೇ ನೀರು ಉಕ್ಕಿತು. ಅದನ್ನು ಎತ್ತಿ ಹಾಕುತ್ತಿದ್ದ ಪಂಪುಗಳು 1886ರ ಬೆಂಕಿಯಲ್ಲಿ ಸುಟ್ಟುಹೋದವು. ಮರುವರ್ಷ ಮೇ 3ರಂದು ಮೆಕ್ಸಿಕೊದ ಸೊನೊರಾದಲ್ಲಿ ಭೂಕಂಪವಾಗಿ ಚಾರ್ಲ್ಸ್‌ಟನ್ನಿನ ಮಣ್ಣಿಟ್ಟಿಗೆಯ ಮನೆಗಳು ಕುಸಿದವು. ಅಳಿದುಳಿದ ಗೋಡೆಗಳೂ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ತಾಲೀಮಿಗೆ ಬಲಿಯಾದವು.

ತೆರೆನಾತೆಯದು ಇದಕ್ಕಿಂತ ಹಳೆಯ ಕಥೆ. ಈ ಕಣಿವೆಯಲ್ಲಿ ಕಾಲುವೆ ತೋಡಿ ಮೆಕ್ಕೆಜೋಳ ಬೆಳೆಯುತ್ತಿದ್ದ ಸೊಬೈಪುರಿ ಜನ 1762ರಲ್ಲಿ ಇಲ್ಲಿಂದ ಹೊರಟುಹೋದರು. 1775ರಲ್ಲಿ ಸ್ಪೇನಿನ ಸೇನಾಧಿಕಾರಿ ಹ್ಯೂಗೊ ಓಕಾನರ್ ನದಿಯ ಮೇಲಿನ ದಿಣ್ಣೆಯಲ್ಲಿ ಕೋಟೆಗೆ ಜಾಗ ಗುರುತಿಸಿದ. ಕೆಳಗೇ ನೀರಿತ್ತು, ಹೊಲಕ್ಕೆ ನೆಲವಿತ್ತು. ಆದರೆ ಅಪಾಚೆ ಎಂಬ ಮೂಲನಿವಾಸಿಗಳ ದಾಳಿಯಿಂದ ಸೈನಿಕರಿಗೆ ಹೊಲಕ್ಕೆ ಇಳಿಯುವುದೇ ಕಷ್ಟವಾಯಿತು. ಕೋಟೆಯ ನಾಯಕ ತೊವಾರ್ 1776ರಲ್ಲೇ ಹತನಾದ. 80ಕ್ಕೂ ಹೆಚ್ಚು ಮಂದಿ ಸತ್ತ ಮೇಲೆ, 1780ರಲ್ಲಿ ಕೋಟೆ ಖಾಲಿಯಾಯಿತು. ಮಳೆಗೆ ಕರಗಿ ಕರಗಿ ಮೊಂಡಾದ ಮಣ್ಣಿನ ಗೋಡೆಗಳು ಮಾತ್ರ ಇಂದು ಉಳಿದಿವೆ.

1988ರಲ್ಲಿ ಅಮೆರಿಕದ ಸಂಸತ್ತು ಈ ನದೀತೀರವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅಲ್ಲಿಗೆ ಅಪಾಯ ತಪ್ಪಲಿಲ್ಲ. ಪಕ್ಕದ ಸಿಯೆರಾ ವಿಸ್ಟಾ ನಗರ ಬೆಳೆದಂತೆ ಕೊಳವೆಬಾವಿಗಳು ನದಿಯ ಅಂತರ್ಜಲವನ್ನೇ ಹೀರುತ್ತಿವೆ. 2005ರ ಜುಲೈನಲ್ಲಿ, ಚಾರ್ಲ್ಸ್‌ಟನ್ ಬಳಿಯ ಮಾಪಕದಲ್ಲಿ ಮೊಟ್ಟಮೊದಲ ಬಾರಿಗೆ ಹರಿವು ಶೂನ್ಯವೆಂದು ದಾಖಲಾಯಿತು. ಪಾಳುಗೋಡೆಗಳ ರಕ್ಷಣೆಗೆ ತೋರುವ ಕಾಳಜಿ ಈ ಅಂತರ್ಜಲದ ಲೆಕ್ಕಾಚಾರಕ್ಕೂ ತುರ್ತಾಗಿ ಬೇಕಾಗಿದೆ.